ಹಾಜಿಯವರ ಹದಿನಾರು

ಕೋವಿ ಸಿಡಿದು ಹಾಜಿಯವರ ಕೈ ಹೋಗಬಹುದಿತ್ತು. ಅದು ಹೋಗದಿದ್ದರೆ ಪಕ್ಕದಲ್ಲಿ ನಿಂತ ನನ್ನ ಕಿವಿ ಹೋಗಬಹುದಿತ್ತು. ಹಾರಿದ ಸೀಸದ ಚರೆ ತಾಗಿ ನೆರೆಯವರ ಒಂಟೆ ಸಾಯಬಹುದಿತ್ತು, ಆ ಒಂಟೆ ಓಟದಲ್ಲಿ ಗೆದ್ದು ಬಂದ ಒಂಟೆಯೇ ಆಗಿರಬಹುದಿತ್ತು. ದಾರಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಸೀಟಿನ ಹಿಂದಿನ ಕೋವಿ ಯಾರದೆಂದು ಕೇಳುವ ಹೊತ್ತಿಗೆ ಹಾಜಿಯವರು ಗಾಢ ನಿದ್ದೆಯಲ್ಲಿರಬಹುದಿತ್ತು. ನನ್ನ ಇಕಾಮಾ, ಅಂದರೆ ಆ ದೇಶದಲ್ಲಿ ಇರಲಿಕ್ಕೆ ನನಗಿದ್ದ ಪರವಾನಗಿ, ಒಗೆಯಲು ಹಾಕಿದ ಪ್ಯಾಂಟಿನ ಕಿಸೆಯಲ್ಲಿ ಉಳಿದಿರಬಹುದಿತ್ತು. ಪಿಕಪ್ ಉಪ್ಪುನೆಲದಲ್ಲಿ ಹೂತುಹೋಗಬಹುದಿತ್ತು. ಬೂಟಿನೊಳಗೆ ಚೇಳು ಮಲಗಿರಬಹುದಿತ್ತು. ಹಾಜಿಯವರು ಬದುವಿನಿಂದ ಜಾರಿ ಸೊಂಟ ಮುರಿದುಕೊಳ್ಳಬಹುದಿತ್ತು. ಆಗ ಅವರ ಮಗ, ಎಂದರೆ ನನಗೆ ಕೆಲಸ ಕೊಟ್ಟವರು, ನನ್ನನ್ನು ಮೊದಲ ವಿಮಾನಕ್ಕೆ ಹತ್ತಿಸಬಹುದಿತ್ತು. ಬಾಗಿಲು ತೆರೆದ ಹೆಂಡತಿ, ‘ಎಂತ, ಈ ಸಲ ರಜೆ ಬೇಗ ಸಿಕ್ಕಿತಾ’ ಎಂದು ಸಂತೋಷದಲ್ಲಿ ಕೇಳಬಹುದಿತ್ತು. ಉಳಿದವುಗಳಿಗಿಂತ ನಾನು ಹೆಚ್ಚು ಹೆದರಿದ್ದು ಈ ಕೊನೆಯದಕ್ಕೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಎಡವಟ್ಟಾದದ್ದು ಬೇರೆಯೇ ಒಂದು, ತೀರಾ ಸಣ್ಣದು. ಅಷ್ಟೆಲ್ಲ ಯೋಚಿಸಿಟ್ಟುಕೊಂಡಿದ್ದ ನನಗೆ ಅದೊಂದು ಮಾತ್ರ ಹೊಳೆದಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ದಮ್ಮಾಮಿನಲ್ಲಿ ನೀರಿನ ಪಂಪು ಮಾರುವ ಒಂದು ಕಂಪೆನಿಯಲ್ಲಿ ಲೆಕ್ಕ ನೋಡುತ್ತಿದ್ದೆ. ವಾಸ ಹತ್ತಿರದ ಥುಕ್ಬಾದಲ್ಲಿ, ಉಡುಪಿ ಕಡೆಯ ಒಬ್ಬ ಕ್ಯಾಥೊಲಿಕ್ ಗೆಳೆಯನ ಜೊತೆ ಒಂದೇ ಕೋಣೆಯಲ್ಲಿ. ಕಂಪೆನಿಯ ಯಜಮಾನರನ್ನು ನಾವೆಲ್ಲ ಮುದೀರ್ ಎನ್ನುತ್ತಿದ್ದೆವು, ಮ್ಯಾನೇಜರ್ ಎಂಬುದಕ್ಕೆ ಅಲ್ಲಿಯ ಶಬ್ದ. ಅವರ ತಂದೆಯೇ ಹಾಜಿಯವರು. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಂತರೆ ಮಗನಿಗಿಂತ ಒಂದು ಗೇಣು ಎತ್ತರ. ದಮ್ಮಾಮಿನಿಂದ ಉತ್ತರಕ್ಕೆ ಕಡಲ ಬದಿಯಲ್ಲಿ ಅವರದೊಂದು ಖರ್ಜೂರದ ತೋಟವಿತ್ತು. ನಮ್ಮೂರಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ (ಅಲ್ಲಿ ಮುಗಿಯಲಿಕ್ಕೆ ಮಳೆಯೇ ಇರಲಿಲ್ಲ) ಉತ್ತರದ ಚಳಿದೇಶಗಳಿಂದ ಬೆಳವನ ಹಕ್ಕಿಗಳು ದಂಡುದಂಡಾಗಿ ಬಂದು ಆ ತೋಟದಲ್ಲಿ ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದವು. ಆ ಕೆಲವು ವಾರಗಳ ಶುಕ್ರವಾರದ ಬೆಳಿಗ್ಗೆಗಳಿಗಾಗಿಯೇ ಹಾಜಿಯವರು ಉಳಿದ ವರ್ಷವನ್ನು ಸಹಿಸಿಕೊಳ್ಳುತ್ತಿದ್ದರು.

ಒಂದು ದಿನ ಮುದೀರ್ ನನ್ನನ್ನು ಒಳಗೆ ಕರೆದರು. ಅವರು ಕರೆದಾಗಲೆಲ್ಲ ಕೆಲಸ ಹೋಯಿತೆಂದು ತೀರ್ಮಾನಿಸಿಕೊಂಡೇ ನಾನು ಒಳಗೆ ಕಾಲಿಡುವುದು. ಹೋಗಿರದಿದ್ದರೆ ಅದು ಲಾಭ.

"ನನ್ನ ತಂದೆಯ ಕಣ್ಣಿಗೆ ಪೊರೆ ಬಂದಿದೆ," ಅಂದರು. "ಆಪರೇಷನ್ ಬೇಡ ಎನ್ನುತ್ತಾರೆ. ಕೋವಿ ಬಿಡಿ ಎಂದರೆ ಊಟ ಬಿಡುತ್ತಾರೆ. ಈ ಸಲ ಪ್ರತಿ ಶುಕ್ರವಾರ ನೀನು ಜೊತೆಗೆ ಹೋಗು. ಹಕ್ಕಿ ಕಾಣುತ್ತದೋ ಇಲ್ಲವೋ ನೋಡಿಕೊಂಡು ಬಂದು ಹೇಳು. ಕಾಣುವುದಿಲ್ಲವಾದರೆ ಕೋವಿ ಇದರೊಳಗೆ." ಕುರ್ಚಿಯ ಹಿಂದಿದ್ದ ಕಬ್ಬಿಣದ ಕಪಾಟನ್ನು ಬೆರಳಿನಿಂದ ತಟ್ಟಿದರು.

"ನಾನೇ ಯಾಕೆ ಸರ್?"

"ನೀನು ಹೆದರುವವನು. ಹೆದರುವವನು ಸರಿಯಾಗಿ ನೋಡುತ್ತಾನೆ."

ನನ್ನ ಹೆದರಿಕೆಯನ್ನು ಅರ್ಹತೆ ಎಂದು ಗುರುತಿಸಿದ ಮನುಷ್ಯ ಇಡೀ ಜೀವಮಾನದಲ್ಲಿ ಅವರೊಬ್ಬರೇ.

ಗುರುವಾರ ಸಂಜೆ ನಾನು ಚೀಲ ತುಂಬುವುದನ್ನು ಗೆಳೆಯ ಮಂಚದ ಮೇಲೆ ಕೂತು ನೋಡುತ್ತಿದ್ದ. ಹತ್ತಿ, ಬ್ಯಾಂಡೇಜು, ಟಾರ್ಚು, ತಲೆನೋವಿನ ಮುಲಾಮು, ಎರಡು ಕ್ಯಾನು ನೀರು, ಛತ್ರಿ.

"ಛತ್ರಿ ಎಂತಕ್ಕೆ ಮಾರಾಯ? ಇಲ್ಲಿ ಮಳೆ ನೋಡಿ ಯಾವ ಕಾಲ ಆಯ್ತು."

"ಮೇಲೆ ಹೊಡೆದ ಚರೆ ಕೆಳಗೆ ಬರ್ಬೇಕಲ್ಲ."

"ನೀನು ಹೋದ್ರೆ ಹಕ್ಕಿಗಳಿಗೆ ಎಂತ ಹೆದರಿಕೆ ಹೇಳು," ಅಂದ ಅವನು. "ಇದ್ದ ಹೆದರಿಕೆ ಎಲ್ಲ ನೀನೇ ಗುತ್ತಿಗೆಗೆ ಹಿಡ್ದಿದ್ದೀಯಲ್ಲ."

ಕೋವಿಯ ಬಗ್ಗೆ ನನಗೆ ಮೊದಲೇ ಇದ್ದ ಅನುಭವ ಅಂಥದ್ದೇ. ಊರಲ್ಲಿ ನನ್ನ ಸೋದರಮಾವನ ಬಳಿ ಹಂದಿ ಓಡಿಸಲು ಹನ್ನೆರಡು ಬೋರಿನದೊಂದು ಇತ್ತು. ಒಮ್ಮೆ ನನಗೂ ಹೊಡೆಯಲು ಕೊಟ್ಟಿದ್ದರು. ಹೊಡೆಯುವ ಮೊದಲು ನಾನು ಕೂತಿದ್ದ ಜಾಗ ಬೇರೆ, ಹೊಡೆದ ಮೇಲೆ ನಾನು ಸಿಕ್ಕಿದ ಜಾಗ ಬೇರೆ. ಕೋವಿ ಎಂದರೆ ಒಡೆಯನನ್ನೇ ಒದೆಯುವ ಪ್ರಾಣಿ ಎಂದು ಅಂದೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ.

ಹಾಗಾಗಿ ಆ ಶುಕ್ರವಾರ, ಬೆಳಗಿನ ನಮಾಜು ಮುಗಿಸಿ ತೋಟ ತಲುಪಿದ ಮೇಲೆ, ಹಾಜಿಯವರು ಹಳೆಯ ಬಟ್ಟೆಯ ಸುತ್ತು ಬಿಚ್ಚಿ "ಹಿಡಿ, ಮುಹಾಸಿಬ್" ಎಂದು ಅದನ್ನು ಚಾಚಿದಾಗ ನಾನು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು, ಭಾರಕ್ಕೆ ತಯಾರಾಗಿ ನಿಂತೆ. ಮುಹಾಸಿಬ್ ಎಂದರೆ ಲೆಕ್ಕದವನು. ಅವರು ನನ್ನ ಹೆಸರು ಕೇಳಿದ್ದೇ ಇಲ್ಲ. ಭಾರ ಬರಲಿಲ್ಲ. ತಯಾರಿ ಹೆಚ್ಚಾಗಿ ಕೈ ಮೇಲಕ್ಕೇ ಹೋಯಿತು.

"ಹದಿನಾರು," ಅಂದರು ಹಾಜಿಯವರು, ಮೊಮ್ಮಗಳ ವಯಸ್ಸು ಹೇಳುವಷ್ಟು ಹೆಮ್ಮೆಯಿಂದ.

ಬೋರಿನ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವರು ಅವರೇ. ಒಂದು ರತ್ತಲು ಸೀಸವನ್ನು ಹನ್ನೆರಡು ಸಮಪಾಲು ಮಾಡಿ ಗುಂಡು ಎರಕ ಹೊಯ್ದರೆ ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರು. ಹದಿನಾರು ಪಾಲು ಮಾಡಿದರೆ ಹದಿನಾರು. "ಹನ್ನೆರಡು ಮಂದಿ ಊಟಕ್ಕೆ ಕೂತರೆ ತುತ್ತು ದೊಡ್ಡದು, ಹದಿನಾರು ಮಂದಿ ಕೂತರೆ ಸಣ್ಣದು," ಅಂದರು. "ಸಣ್ಣ ತುತ್ತು ಸಾಕೆನ್ನುವವನಿಗೆ ಇದು." ಅಂಕಿ ದೊಡ್ಡದಾದಷ್ಟೂ ವಸ್ತು ಚಿಕ್ಕದಾಗುವ ಈ ಲೆಕ್ಕ ನನಗೆ ಬಹಳ ಹಿಡಿಸಿತು.

ಅದು ಜೋಡುನಳಿಗೆಯ ಫ್ರೆಂಚ್ ಕೋವಿ. ಅವರು ಯೌವನದಲ್ಲಿ ಕೊಂಡದ್ದು. ಎರಡು ನಳಿಗೆಗಳು ಅಕ್ಕತಂಗಿಯರಂತೆ ಒತ್ತಿಕೊಂಡು ತೆಳ್ಳಗೆ ಮುಂದೆ ಹೋಗಿದ್ದವು. ಮರದ ಹಿಡಿ ಕೈಯ ಬೆವರು ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮದ್ದಿನ ತೋಟೆ ತುಂಬಿ ಮುಚ್ಚಿದರೆ ಒಳ್ಳೆಯ ಬಡಗಿ ಮಾಡಿದ ಬೀರುವಿನ ಬಾಗಿಲು ಹಾಕಿದ ಸದ್ದು. ಆ ಕಡೆ ಎಲ್ಲರಲ್ಲೂ ಇದ್ದದ್ದು ಹನ್ನೆರಡೇ. ಅಂಗಡಿಗಳಲ್ಲಿ ತೋಟೆ ಸಿಗುತ್ತಿದ್ದದ್ದೂ ಅದರದ್ದೇ. ಹದಿನಾರರ ತೋಟೆ ಇಡುತ್ತಿದ್ದದ್ದು ಒಂದೇ ಒಂದು ಅಂಗಡಿ, ಅದೂ ಏಣಿ ಹಾಕಿ ಇಳಿಸಬೇಕಾದ ಅಟ್ಟದ ಮೇಲೆ. ಹನ್ನೆರಡರವರು ಹಬ್ಬದ ಪಟಾಕಿ ಸುಟ್ಟ ಹಾಗೆ ಸುಡುತ್ತಿದ್ದರು. ಹಾಜಿಯವರು ಒಂದು ಈಡು ಹೊಡೆಯುವ ಮೊದಲು ಮದುವೆ ಸಂಬಂಧ ನೋಡುವವರ ಹಾಗೆ ಮೂರು ಹಕ್ಕಿಯನ್ನು ಬೇಡವೆನ್ನುತ್ತಿದ್ದರು. ನನ್ನಂಥವನಿಗೆ ಇದಕ್ಕಿಂತ ಸಮಾಧಾನ ಕೊಡುವ ಕೋವಿ ಇರಲಾರದು: ಭಾರ ಕಡಿಮೆ, ಸದ್ದು ಕಡಿಮೆ, ಈಡಿನ ನಡುವೆ ಯೋಚಿಸಲಿಕ್ಕೆ ಬೇಕಾದಷ್ಟು ಸಮಯ.

ಒಮ್ಮೆ ನನಗೂ ಹೊಡೆಯಲು ಕೊಟ್ಟರು. ಹಕ್ಕಿಗೆ ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನಾನು ಹೊಡೆದ ಜಾಗದಲ್ಲೇ ಇದ್ದೆ. ಮಾವನ ಹನ್ನೆರಡು ಹೆಗಲಿಗೆ ಗುದ್ದಿತ್ತು, ಇದು ಹೆಗಲು ತಟ್ಟಿತು ಅಷ್ಟೆ. ಅಂದಿನಿಂದ ಆ ಕೋವಿಯ ಮೇಲೆ ನನಗೆ ಬೇರೆಯೇ ಒಂದು ಬಗೆಯ ಆಸೆ ಹುಟ್ಟಿತು. ಇಕಾಮಾದ ಮೇಲೆ ಬದುಕುವವನಿಗೆ ಕೋವಿಯ ಒಡೆತನ ಎಲ್ಲಿಂದ ಬರಬೇಕು? ಪಿಕಪ್ಪಿನಿಂದ ಬದುವಿನವರೆಗೆ, ಬದುವಿನಿಂದ ಪಿಕಪ್ಪಿನವರೆಗೆ ಅದನ್ನು ಹೊತ್ತುಕೊಂಡು ನಡೆಯುವ ಕೆಲಸ ನನ್ನದಾಗಿತ್ತು. ಅಷ್ಟು ದೂರ ಅದು ನನ್ನದು. ನಾನು ಬೇಕೆಂದೇ ನಿಧಾನ ನಡೆಯುತ್ತಿದ್ದೆ.

ಮೊದಲ ದಿನವೇ, ಬದುವಿನ ಮೇಲೆ ಕೂತು ಖರ್ಜೂರ ತಿನ್ನುವಾಗ ಹಾಜಿಯವರು ಕೇಳಿದ್ದರು: "ಮಗ ನನ್ನ ಕಣ್ಣು ಪರೀಕ್ಷೆ ಮಾಡಲು ನಿನ್ನನ್ನು ಕಳಿಸಿದ್ದಾನೆ, ಅಲ್ಲವೇ?"

ನನಗೆ ಖರ್ಜೂರದ ಬೀಜ ಗಂಟಲಿಗೆ ಹೋಯಿತು. ಅವರು ಬೆನ್ನು ತಟ್ಟಿದರು.

"ನಾನೇ ಹೇಳುತ್ತೇನೆ, ಕೇಳು. ಹಕ್ಕಿ ಹತ್ತಿರ ಬಂದರೆ ನನಗೆ ಕಾಣುತ್ತದೆ. ಆದರೆ ಯಾವ ಕಡೆಯಿಂದ ಬರುತ್ತದೆ ಎಂದು ಮೊದಲೇ ಗೊತ್ತಿರಬೇಕು. ನೀನು ಕಡೆ ಹೇಳು. ಉಳಿದದ್ದು ನನಗೆ ಬಿಡು."

"ಅದು ಮೋಸ ಆಗುವುದಿಲ್ಲವೇ ಹಾಜಿ?"

"ನಿನ್ನ ಮೂಗಿನ ಮೇಲೆ ಇರುವುದು ಮೋಸವೇ?"

ನಾನು ಕನ್ನಡಕ ಮೇಲಕ್ಕೆ ತಳ್ಳಿಕೊಂಡೆ.

ಹೀಗೆ ನಮ್ಮ ಒಪ್ಪಂದವಾಯಿತು. ನಾನೂ ನನ್ನ ಕರಾರುಗಳನ್ನು ಹಾಕಿದೆ: ಖರ್ಜೂರದ ತಲೆಗಿಂತ ಕೆಳಗೆ ನಳಿಗೆ ಇಳಿಯಬಾರದು, ತೋಟದ ಕೆಲಸದವರು ನಮ್ಮ ಹಿಂದೆಯೇ ಇರಬೇಕು, ನಡೆಯುವಾಗ ತೋಟೆ ಕೋವಿಯೊಳಗೆ ಇರಬಾರದು. ಎಲ್ಲದಕ್ಕೂ ಅವರು "ತಯ್ಯಿಬ್, ತಯ್ಯಿಬ್" ಎಂದು ಒಪ್ಪಿದರು. ನನ್ನ ಬಾಯಿ ಮುಚ್ಚಿಸಲು ಅದು ಬೇಗದ ದಾರಿ ಎಂದು ಅವರಿಗೆ ತಿಳಿದಿತ್ತು.

ದಿಕ್ಕು ಹೇಳುವ ಕ್ರಮ ಮಾತ್ರ ಅವರದ್ದು. ಅವರು ಪಶ್ಚಿಮ ಎನ್ನುತ್ತಿರಲಿಲ್ಲ, ಕಿಬ್ಲಾ ಎನ್ನುತ್ತಿದ್ದರು. ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕು ಅಲ್ಲಿಂದ ಪಶ್ಚಿಮಕ್ಕೇ, ಸ್ವಲ್ಪ ತೆಂಕಕ್ಕೆ ವಾಲಿಕೊಂಡು. ಕಿಬ್ಲಾಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಖರ್ಜೂರದ ಸಾಲು. ಬಲ ಎಂದರೆ ಬಡಗು, ಎಡ ಎಂದರೆ ತೆಂಕು, ಬೆನ್ನು ಎಂದರೆ ಕಡಲು. ಹಕ್ಕಿಗಳು ಹೆಚ್ಚಾಗಿ ಬಲದಿಂದಲೇ ಬರುತ್ತಿದ್ದವು.

"ಬಲ. ಎತ್ತರ. ನಾಲ್ಕು," ಎನ್ನುತ್ತಿದ್ದೆ ನಾನು, ಗೋದಾಮಿನ ಸರಕು ಎಣಿಸುವ ದನಿಯಲ್ಲಿ.

ಹಾಜಿಯವರು ತಲೆ ಮಾತ್ರ ತಿರುಗಿಸಿ ಕಾಯುತ್ತಿದ್ದರು. ಮುಖದಲ್ಲಿ ಏನೋ ಒಂದು ಬಿಗಿಯಾಗುತ್ತಿತ್ತು. ಆಮೇಲೆ ಕೋವಿ ತಾನಾಗಿ ಎದ್ದ ಹಾಗೆ ಹೆಗಲಿಗೆ ಬರುತ್ತಿತ್ತು, ತುಟಿಯಲ್ಲಿ ದೇವರ ಹೆಸರಿನ ಬಿಸ್ಮಿ, ಒಂದು ಈಡು. ಬಿದ್ದ ಹಕ್ಕಿಯನ್ನು ನಾನು ಓಡಿ ತರುತ್ತಿದ್ದೆ, ಅವರು ಕತ್ತು ಕೊಯ್ದು ಹಲಾಲ್ ಮಾಡುತ್ತಿದ್ದರು. ತಪ್ಪುವುದೂ ಇತ್ತು. ತಪ್ಪಿದಾಗ ಹೋಗುವ ಹಕ್ಕಿಗೆ ದಾರಿ ಸುಖವಾಗಿರಲಿ ಎನ್ನುತ್ತಿದ್ದರು.

ಶನಿವಾರ ಕಚೇರಿ ತೆರೆದ ಕೂಡಲೇ ಮುದೀರ್ ಕೇಳುವರು. "ಹೇಗೆ?"

"ಹಕ್ಕಿ ಬಿತ್ತು ಸರ್."

"ಕಣ್ಣು?"

"ಹಕ್ಕಿ ಬಿತ್ತು ಸರ್."

ಕೇಳಿದ್ದಕ್ಕೆ ಉತ್ತರ ಕೊಡದೆ ಸತ್ಯವನ್ನೇ ಹೇಳುವುದು ಲೆಕ್ಕದವರಿಗೆ ಅಭ್ಯಾಸದಿಂದ ಬರುವ ವಿದ್ಯೆ. ಆದರೆ ಅವರು ಲೆಕ್ಕದವರನ್ನು ಕಂಡವರು. ಹಕ್ಕಿಗಳ ಕಾಲ ಮುಗಿಯುತ್ತ ಬಂದಾಗ, "ಮುಂದಿನ ಶುಕ್ರವಾರ ನಾನೂ ಬರುತ್ತೇನೆ. ನನ್ನ ಕಣ್ಣಿಂದಲೇ ನೋಡುತ್ತೇನೆ," ಅಂದರು.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. "ಅವ್ರ ಕೋವಿ ಹೋದ್ರೆ ನಿನ್ನದೆಂತ ಹೋಗ್ತದೆ?" ಎಂದು ಗೆಳೆಯ ಕೇಳಿದ. ಅವನಿಗೆ ಪಿಕಪ್ಪಿನಿಂದ ಬದುವಿನವರೆಗಿನ ದಾರಿಯ ವಿಷಯ ಹೇಗೆ ಹೇಳುವುದು? ಶುಕ್ರವಾರ ಬೆಳಿಗ್ಗೆ ಬದುವಿನ ಮೇಲೆ ಕೋವಿಯನ್ನು ನನ್ನಿಂದ ತೆಗೆದುಕೊಳ್ಳುವಾಗ ಹಾಜಿಯವರು, ಮಗನಿಗೆ ಕೇಳಿಸದಂತೆ, "ಆ ಕಪಾಟಿನಲ್ಲಿ ಇದಕ್ಕೆ ಎಣ್ಣೆ ಹಾಕುವವರು ಯಾರು?" ಅಂದರು.

ಕಡಲ ಹಬೆ ದಟ್ಟವಾಗಿತ್ತು. ಸೂರ್ಯ ಎದ್ದಿದ್ದಾನೆಂದು ಗೊತ್ತಾಗುತ್ತಿತ್ತೇ ಹೊರತು ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ. ಮುದೀರ್ ತಮ್ಮ ಹನ್ನೆರಡು ಬೋರಿನ ಐದು ಈಡಿನ ಆಟೊಮ್ಯಾಟಿಕ್ ಹಿಡಿದು ನಮ್ಮ ಹಿಂದೆ ನಿಂತರು. ಮೊದಲ ಗುಂಪು ಬಂದಾಗ ನಾನು ಕೆಮ್ಮಿನ ನಡುವೆ "ಬಲ, ಎರಡು" ಎಂದೆ. ಒಂದು ಬಿತ್ತು. "ಮಾಶಾಅಲ್ಲಾ," ಅಂದರು ಮುದೀರ್. ಮುಂದಿನ ಗುಂಪಿಗೆ ಅವರೇ ಐದೂ ಈಡು ಹಾರಿಸಿದರು. ಹಕ್ಕಿಗಳು ಸಾಲನ್ನೂ ಕೆಡಿಸದೆ ಹೋದವು.

"ನನ್ನ ಮಗನ ಕೋವಿ ಭಾಷಣ ಮಾಡುತ್ತದೆ," ಅಂದರು ಹಾಜಿಯವರು ನನ್ನ ಕಡೆಗೆ.

ಇನ್ನೇನು ಗೆದ್ದೆವು ಎಂದು ನನಗೆ ಅನಿಸಿದ್ದು ಆಗಲೇ. ಹಾಗೆ ಅನಿಸಬಾರದಿತ್ತು. ಅಷ್ಟರಲ್ಲಿ, ಅಷ್ಟು ವಾರಗಳಲ್ಲಿ ಒಂದು ಹಕ್ಕಿಯೂ ಬಂದಿರದ ಕಡೆಯಿಂದ, ಸೀದಾ ಕಡಲ ಮೇಲಿಂದ, ಹಬೆಯನ್ನು ಸೀಳಿಕೊಂಡು ದೊಡ್ಡ ಹಿಂಡೊಂದು ಬಂತು. ಹಿಂದೆ ಮುದೀರ್, ಮುಂದೆ ಹಾಜಿ, ಕಡಲ ಮೇಲೆ ಲೆಕ್ಕಕ್ಕೆ ಸಿಗದಷ್ಟು ಹಕ್ಕಿ. ನನ್ನ ಬಾಯಿಯಿಂದ ಬಂದದ್ದು ಇಷ್ಟು:

"ಕಿಬ್ಲಾ! ಕಿಬ್ಲಾ! ತುಂಬ ಉಂಟು!"

ಕೊನೆಯದನ್ನು ಕನ್ನಡದಲ್ಲೇ ಕೂಗಿದ್ದೆ.

ಇದನ್ನು ನಮ್ಮ ಕರಾವಳಿಯ ಬ್ಯಾರಿಗಳಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮೂರಿನ ಪಳ್ಳಿ, ಅಂದರೆ ಮಸೀದಿ, ಕಡಲ ಬದಿಯಲ್ಲಿತ್ತು. ಸಂಜೆಯ ನಮಾಜಿಗೆ ನಿಂತರೆ ಎದುರಿನ ಕಿಟಕಿಯಿಂದ ಕಡಲ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ತಲೆಬಾಗಿದರೆ ಅಲೆಯ ಸದ್ದು ಇನ್ನೂ ಹತ್ತಿರವಾಗುತ್ತಿತ್ತು. ನಮಗೆ ಕಿಬ್ಲಾ ಎಂದರೆ ಕಡಲು. ಇದು ಓದಿ ಕಲಿತದ್ದಲ್ಲ, ಮೈಗೆ ಹತ್ತಿದ್ದು. ದಮ್ಮಾಮಿನಲ್ಲಿ ಕಡಲು ಇರುವುದು ಪೂರ್ವಕ್ಕೆ ಎಂದು ನನ್ನ ತಲೆಗೆ ಬಹಳ ವರ್ಷಗಳಿಂದ ಗೊತ್ತಿತ್ತು. ನಾಲಿಗೆಗೆ ಯಾರೂ ತಿಳಿಸಿರಲಿಲ್ಲ.

ಹಾಜಿಯವರು ನನ್ನನ್ನು ನಂಬಿ ಖರ್ಜೂರದ ಸಾಲಿನ ಕಡೆ ಗಟ್ಟಿಯಾಗಿ ತಿರುಗಿ, ಅಲ್ಲಿನ ಖಾಲಿ ಆಕಾಶಕ್ಕೆ ಕೋವಿ ಎತ್ತಿ, ಬರುವ ಹಿಂಡಿಗೆ ಬೆನ್ನು ಕೊಟ್ಟು ನಿಂತರು. ಹಕ್ಕಿಗಳು ನಮ್ಮ ತಲೆಯ ಮೇಲೆ ರೆಕ್ಕೆಯ ಸಿಳ್ಳೆ ಹಾಕುತ್ತ ದಾಟಿದವು. ಅವರು ಕತ್ತನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರು. ಮುಂದೆ ಹೋಗುತ್ತಿರುವ ಹಕ್ಕಿಗಳು ಅವರ ಕೋವಿಯ ಎದುರಿಗೇ ಬಂದು ತೆರೆದುಕೊಂಡವು. ಬಿಸ್ಮಿ, ಒಂದು. ಬಿಸ್ಮಿ, ಇನ್ನೊಂದು. ಎರಡೂ ಬಿದ್ದವು.

ಮುದೀರ್ ಒಂದು ಈಡನ್ನೂ ಹೊಡೆದಿರಲಿಲ್ಲ. ಅವರು ನಮ್ಮನ್ನೇ ನೋಡುತ್ತಿದ್ದರು.

"ಹಕ್ಕಿ ಬಂದದ್ದು ಕಡಲಿನಿಂದ," ಅಂದರು ನಿಧಾನವಾಗಿ. "ಇವನು ಕಿಬ್ಲಾ ಎಂದ. ನೀವು ಕಿಬ್ಲಾಕ್ಕೆ ತಿರುಗಿದಿರಿ."

"ಬರುವ ಹಕ್ಕಿಯ ಮುಖಕ್ಕೆ ಯಾರಾದರೂ ಹೊಡೆಯುತ್ತಾರೆಯೇ? ಹೋಗುವಾಗ ಹೊಡೆಯಬೇಕು."

"ಬಾಬಾ."

ಹಾಜಿಯವರು ಕೋವಿಯನ್ನು ನಡುವೆ ಬಗ್ಗಿಸಿ ತೆರೆದರು. ಖಾಲಿ ತೋಟೆಗಳು ಹಾರಿ ಬಿದ್ದವು, ನಳಿಗೆಯಿಂದ ಹೊಗೆ ಎಳೆಯಾಗಿ ಬಂತು. ತೆರೆದ ಕೋವಿಯನ್ನು ಹಾಗೆಯೇ ಮಗನ ಮುಂದೆ ಚಾಚಿ, "ತಗೋ," ಅಂದರು.

ನಾನು ನೆಲ ನೋಡುತ್ತ ನಿಂತೆ. ಒಂದು ಶಬ್ದದಿಂದ ಒಬ್ಬ ಮುದುಕನ ಕೋವಿ ಕಳೆದವನು ಬೇರೆ ಎಲ್ಲಿ ನೋಡುವುದು? ಮುದೀರ್ ಅದನ್ನು ತೆಗೆದುಕೊಂಡರು. ತೆಗೆದುಕೊಳ್ಳುವಾಗ ಅವರ ಕೈಯೂ, ಮೊದಲ ದಿನ ನನ್ನದು ಹೋದ ಹಾಗೆ, ಬೇಕಾದ್ದಕ್ಕಿಂತ ಮೇಲಕ್ಕೆ ಹೋಯಿತು. ಅವರು ಅದನ್ನು ಮುಚ್ಚಿದರು. ಆ ಬೀರುವಿನ ಸದ್ದು. ಹೆಗಲಿಗೆ ಏರಿಸಿ ಖಾಲಿ ಆಕಾಶದಲ್ಲಿ ಒಂದು ಹಕ್ಕಿಯನ್ನು ಹಿಂಬಾಲಿಸಿದರು. ಇಳಿಸಿ ಮತ್ತೆ ಏರಿಸಿದರು.

"ಇದು ಇಷ್ಟು ಹಗುರವಿತ್ತೇ?"

"ನೀನು ಮೊದಲು ಹೊಡೆದದ್ದು ಇದರಲ್ಲೇ," ಅಂದರು ಹಾಜಿಯವರು. "ಆಮೇಲೆ ನಿನಗೆ ದೊಡ್ಡದು ಬೇಕಾಯಿತು."

ಮುದೀರ್ ತಮ್ಮ ಆಟೊಮ್ಯಾಟಿಕ್ಕನ್ನು ಪಿಕಪ್ಪಿನಲ್ಲಿಟ್ಟು ಬಂದರು. ಹದಿನಾರನ್ನು ತಂದೆಯ ಕೈಗೆ ಮರಳಿ ಕೊಟ್ಟು, ನಾನು ನಿಲ್ಲುತ್ತಿದ್ದ ಜಾಗದಲ್ಲಿ ತಾವು ನಿಂತರು. ಬಹಳ ಹೊತ್ತಿನ ಮೇಲೆ ಮುದೀರರ ದನಿ ಕೇಳಿಸಿತು: "ಬಲ, ಬಾಬಾ. ಎತ್ತರ. ಐದು." ನಾನು ಛತ್ರಿ ಬಿಡಿಸಿಕೊಂಡು ಹಿಂದೆ ಕೂತೆ. ಕೋವಿ ಕಪಾಟಿಗೆ ಹೋಗಲಿಲ್ಲ. ಬಿಸಿಲೇರಿ ಹೊರಡುವಾಗ ಅದನ್ನು ಬದುವಿನಿಂದ ಪಿಕಪ್ಪಿಗೆ ಹೊತ್ತವರು ಮುದೀರ್. ಅವರೂ ನಿಧಾನವೇ ನಡೆದರು. ನನಗೆ ಹಕ್ಕಿಗಳ ಚೀಲ ಸಿಕ್ಕಿತು.

ಜುಮಾ ನಮಾಜಿಗೆ ತಡವಾಗದಂತೆ ಗಾಡಿ ಜೋರಾಗಿ ಓಡುತ್ತಿತ್ತು. ಹಾಜಿಯವರು ನಡುವೆ ಕೂತು ಕಣ್ಣು ಮುಚ್ಚಿದ್ದರು. ದಮ್ಮಾಮಿನ ಕಟ್ಟಡಗಳು ಕಾಣಲು ಶುರುವಾದಾಗ ಮುದೀರ್ ನನ್ನ ಕಡೆ ತಿರುಗಿದರು.

"ಮುಹಾಸಿಬ್, ಒಂದು ಮಾತು. ಥುಕ್ಬಾದ ಕೋಣೆಯಲ್ಲಿ ನೀನು ಯಾವ ಕಡೆಗೆ ನಮಾಜು ಮಾಡುತ್ತಿ?"

"ಸರಿಯಾದ ಕಡೆಗೇ ಸರ್."

"ಕಡಲು ಎದುರಿಗೋ, ಹಿಂದೆಯೋ?"

ಉತ್ತರ ಗೊತ್ತಿತ್ತು. ಆದರೆ ತಪ್ಪಿ ಹೇಳಿಬಿಟ್ಟರೆ ಎಂಬ ಭಯದಲ್ಲಿ ಮನಸ್ಸಿನೊಳಗೆ ಕೋಣೆಯ ಬಾಗಿಲು, ಮಂಚ, ಬೀದಿ ಎಲ್ಲ ಹೊಂದಿಸಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತು.

"ಮಿಸ್ಕೀನ್, ಪಾಪದವನು," ಅಂದರು ಹಾಜಿಯವರು ಕಣ್ಣು ತೆರೆಯದೆ. "ಎಷ್ಟು ವರ್ಷದ ನಮಾಜು."

ಸಂಜೆ ಗೆಳೆಯನಿಗೆ ಹೇಳಿದರೆ ಅವನು ಮಂಚದ ಮೇಲೆ ಹೊರಳಾಡಿದ. "ನೀನು ಫ್ಯಾನಿನ ಸ್ವಿಚ್ಚಿನ ಕಡೆ ಮಾಡುದು, ದಿನಾ ನೋಡ್ತೇನಲ್ಲ. ಸರಿಯೇ ಉಂಟು. ಬೇಕಾದ್ರೆ ನಾನೇ ಬಂದು ಸಾಕ್ಷಿ ಹೇಳ್ತೇನೆ."

"ನಿನ್ನ ಸಾಕ್ಷಿ ಯಾರು ತಗೊಳ್ತಾರೆ ಮಾರಾಯ?"

"ಅದೂ ಹೌದು," ಅಂದ.

ಶನಿವಾರ ಕಚೇರಿಗೆ ಹೋದಾಗ ನನ್ನ ಮೇಜಿನ ಮೇಲಿನ ಗೋಡೆಯಲ್ಲಿ ಹಸಿರು ಬಣ್ಣದ ದೊಡ್ಡದೊಂದು ಬಾಣ ಇತ್ತು. ಮುದೀರ್ ತಾವೇ ಬೇಗ ಬಂದು, ದಿಕ್ಸೂಚಿ ಹಿಡಿದು, ಕುರ್ಚಿ ಹತ್ತಿ ಅಂಟಿಸಿದ್ದರಂತೆ. ನಾನು ಆ ಕಂಪೆನಿ ಬಿಡುವವರೆಗೂ ಅದು ಅಲ್ಲೇ ಇತ್ತು. ಪಂಪು ಕೊಳ್ಳಲು ಬಂದವರೆಲ್ಲ ಅದೇನೆಂದು ಕೇಳುತ್ತಿದ್ದರು, ಕೇಳಿದವರಿಗೆಲ್ಲ ಯಾರಾದರೊಬ್ಬರು ಸಂತೋಷದಿಂದ ಹೇಳುತ್ತಿದ್ದರು. ಬಾಣ ತೆಂಕಕ್ಕೆ ಒಂದಿಷ್ಟು ಹೆಚ್ಚೇ ವಾಲಿತ್ತು ಎಂಬುದು ನನ್ನ ಅನುಮಾನ. ಹೇಳಲು ಹೋಗಲಿಲ್ಲ.